ಡಯಾಲಿಸಿಸ್ ರೋಗಿಯ ಹೊಟ್ಟೆಯ ಸುದ್ದಿ

ಹೊಟ್ಟೆ ಕಟ್ಟಿ ಒದ್ದಾಡುವ ರೋಗಿಗಳು ನಮ್ಮ ಮಂಗಳೂರಿನ ಡಯಾಲಿಸಿಸ್ ಘಟಕಕ್ಕೆ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ಉಡುಪಿ ಕಡೆಯ ವ್ಯಾಪಾರಿ, ಐವತ್ತು ದಾಟಿದವರು. ವಾರಕ್ಕೆ ಮೂರು ಡಯಾಲಿಸಿಸ್, ಒಂದೂ ತಪ್ಪಿಸಿದವರಲ್ಲ. ಆದರೂ ಮೈಯೆಲ್ಲ ತುರಿಕೆ, ಬಾಯಿಗೆ ರುಚಿ ಇಲ್ಲ. ಇನ್ನು ಡಯಾಲಿಸಿಸ್ಸೇ ಬೇಡ ಎಂದು ಮನೆಯಲ್ಲಿ ಗಲಾಟೆ ಮಾಡಿದಾಗ ನನ್ನ ಬಳಿ ಕಳಿಸಿದರು.

ಎರಡನೇ ಭೇಟಿಗೆ ಹೆಂಡತಿಯೂ ಬಂದರು. ಊಟ ಏನು ಎಂದು ಕೇಳಿದೆ. ರಕ್ತದಲ್ಲಿ ಪೊಟ್ಯಾಸಿಯಂ ಏರೀತು ಎಂಬ ಹೆದರಿಕೆಗೆ ತರಕಾರಿ, ಹಣ್ಣು, ಬೇಳೆ ಎಲ್ಲ ಬಂದ್. ಕುಚ್ಚಲಕ್ಕಿಯೂ ಬೇಡವೆಂದು ಯಾರೋ ಹೇಳಿದ್ದರಂತೆ. ಬೆಳ್ತಿಗೆ ಅನ್ನ, ಮೀನು, ಮೊಟ್ಟೆಯ ಬಿಳಿ, ಅಷ್ಟೇ. ಮೋಷನ್ ಸರಿ ಆಗುತ್ತದಾ ಎಂದೆ. ಅವರು ಬೇರೆ ಕಡೆ ನೋಡಿದರು. ಹೆಂಡತಿ ಹೇಳಿದರು: "ನಾಲ್ಕು ದಿನಕ್ಕೊಮ್ಮೆ ಮೇಡಂ. ಅದು ಹೊಟ್ಟೆಯ ವಿಷಯ ಅಲ್ವಾ? ಕಿಡ್ನಿ ಡಾಕ್ಟರ ಹತ್ರ ಎಂತ ಹೇಳುವುದು?"

ಕಿಡ್ನಿ ಡಾಕ್ಟರಿಗೇ ಹೇಳಬೇಕು ಎಂದೆ. ಉಳಿದ ಹೊತ್ತೆಲ್ಲ ಇದರಲ್ಲೇ ಹೋಯಿತು. ಕರುಳಿನ ಬ್ಯಾಕ್ಟೀರಿಯಾಗಳಿಗೆ ನಾರು ಸಿಗದಿದ್ದರೆ ಅವು ಜೀರ್ಣವಾಗದೆ ಉಳಿದ ಪ್ರೋಟೀನಿಗೆ ಕೈ ಹಾಕುತ್ತವೆ. ಅದರಿಂದ ಇಂಡೋಲ್, ಪಿ-ಕ್ರೆಸಾಲ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇಂಡೋಲ್ ಲಿವರಿಗೆ ಹೋಗಿ ಇಂಡಾಕ್ಸಿಲ್ ಸಲ್ಫೇಟ್ ಎಂಬ ವಿಷವಾಗುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಇಲ್ಲದಿದ್ದರೆ ರಕ್ತದಲ್ಲೇ ಉಳಿಯುತ್ತದೆ. ಅದರ 90%ಕ್ಕಿಂತ ಹೆಚ್ಚು ಭಾಗ ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಮೆಷಿನ್‌ಗೂ ಸರಿಯಾಗಿ ಸಿಗುವುದಿಲ್ಲ. ಯೂರಿಯಾ ಇಳಿದು ರಿಪೋರ್ಟ್ ಚೆಂದ ಕಾಣುತ್ತದೆ, ಆದರೆ ಈ ವಿಷ ಒಳಗೇ ಇರುತ್ತದೆ. ಮಲ ಕರುಳಲ್ಲಿ ಕೂತಷ್ಟು ಹೊತ್ತು ಬ್ಯಾಕ್ಟೀರಿಯಾಗಳಿಗೆ ಕೆಲಸ. ಇನ್ನೂ ಒಂದಿದೆ. ಕಿಡ್ನಿ ಸೋತಾಗ ಪೊಟ್ಯಾಸಿಯಂ ಹೊರಹಾಕುವ ಕೆಲಸದಲ್ಲಿ ಕರುಳಿನ ಪಾಲು ಜಾಸ್ತಿಯಾಗುತ್ತದೆ. ಹೊಟ್ಟೆ ಕಟ್ಟಿದರೆ ಆ ದಾರಿಯೂ ಬಂದ್.

"ಹಾಗಾದರೆ ಪೊಟ್ಯಾಸಿಯಂಗೆ ಹೆದರಿ ಪೊಟ್ಯಾಸಿಯಂ ಹಿಡಿದಿಟ್ಟುಕೊಂಡೆನಾ?" ಎಂದರು ಅವರು. ಮೊದಲ ಸಲ ನಕ್ಕರು.

ಡಾಕ್ಟರ್, ಡಯಟೀಷಿಯನ್ ಇಬ್ಬರನ್ನೂ ಕೇಳಿಯೇ ಹೇಳಿದೆ. ತೊಂಡೆಕಾಯಿ, ಪಡುವಲಕಾಯಿ, ಹೀರೆಕಾಯಿ ಶುರು ಮಾಡಿ. ಹೆಚ್ಚಿ, ಪೊಟ್ಯಾಸಿಯಂ ಇಳಿಯಲು ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ಪಲ್ಯ ಮಾಡಿ. ಗಂಜಿ ತಿಳಿ ಬಸಿದ ಕುಚ್ಚಲಕ್ಕಿ ಅನ್ನ ಆಗಬಹುದು. ಎಳನೀರು ಮಾತ್ರ ಬೇಡ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೊಟ್ಟೆ ಸಡಿಲಿಸಲು ಅಂಗಡಿಯ ಮಿಲ್ಕ್ ಆಫ್ ಮೆಗ್ನೀಶಿಯಾ ಬೇಡವೇ ಬೇಡ, ಮೆಗ್ನೀಶಿಯಂ ಹೊರಹೋಗದೆ ರಕ್ತದಲ್ಲಿ ಸೇರಿಕೊಳ್ಳುತ್ತದೆ. ನೀರಿಗೆ ಮಿತಿ ಇರುವವರು ಇಸಬ್ಗೋಲನ್ನೂ ಸುಮ್ನೆ ನುಂಗಬಾರದು, ನೀರು ಸಾಲದೆ ಇನ್ನಷ್ಟು ಕಟ್ಟುತ್ತದೆ. ಫಾಸ್ಫರಸ್ ತಗ್ಗಿಸುವ ಮಾತ್ರೆಗಳು, ಕಬ್ಬಿಣದ ಮಾತ್ರೆಗಳೂ ಹೊಟ್ಟೆ ಕಟ್ಟಿಸುತ್ತವೆ. ಅವನ್ನು ನೀವಾಗಿ ಬಿಡಬೇಡಿ, ಕೇಳಿ ಬದಲಿಸಿಕೊಳ್ಳಿ.

ಕಿಡ್ನಿ ರೋಗಿಗೆ ತರಕಾರಿ ತಿನ್ನಿ ಎನ್ನುವುದು ಅಪಾಯ ಎಂದು ಒಬ್ಬರು ಆಕ್ಷೇಪಿಸಿದರು. ಮೇಲೆ ಹೇಳಿದ್ದು ಇವರ ರಿಪೋರ್ಟ್ ನೋಡಿ ಹೇಳಿದ್ದು, ಎಲ್ಲರಿಗೂ ಅಲ್ಲ. ಆದರೆ ಬರೀ "ಬೇಡ"ಗಳ ಪಟ್ಟಿ ಹಿಡಿಸಿ ಮನೆಗೆ ಕಳಿಸುವುದು ಸುರಕ್ಷಿತ ಎಂದು ನಾನು ಒಪ್ಪುವುದಿಲ್ಲ. ಪಟ್ಟಿ ಕೊಟ್ಟವರು ರೋಗಿ ಏನು ತಿಂದು ಬದುಕುತ್ತಾನೆ ಎಂದೂ ಕೇಳಬೇಕು, ಅಲ್ವಾ?

ಅವರ ಮಗ ದುಬಾರಿ ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ತರಲೇ ಎಂದ. ಅದರಿಂದ ಕಿಡ್ನಿ ಉಳಿಯುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ ಎಂದೆ.

ಈಗ ಮೋಷನ್ ಹೆಚ್ಚುಕಡಿಮೆ ದಿನಾ ಆಗುತ್ತಿದೆ, ಊಟ ಸೇರುತ್ತಿದೆ. ಪೊಟ್ಯಾಸಿಯಂ ಏರಿಲ್ಲ. ತುರಿಕೆ ತಗ್ಗಿದೆ, ಪೂರ್ತಿ ಹೋಗಿಲ್ಲ. ತುರಿಕೆಗೆ ಬೇರೆ ಕಾರಣಗಳೂ ಇರುತ್ತವೆ, ಅದನ್ನು ಡಾಕ್ಟರ್ ನೋಡುತ್ತಿದ್ದಾರೆ. ಡಯಾಲಿಸಿಸ್ ಬಿಡುವ ಮಾತು ಸದ್ಯಕ್ಕೆ ಎತ್ತಿಲ್ಲ.