ಗಾಡಿ ಉಳಿಯಿತು, ಮಾಡಿದವರು ಏನಾದರು?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರ ಪತ್ರ: 'ಮುಚ್ಚಿದ ಕಾರ್ಖಾನೆಗಳ ಕಾರ್ಮಿಕರ ಮನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಮೈಸೂರು ಬಡವರ ಊರು ಅನ್ನುವ ಹಾಗೆ ಬರೆದಿದ್ದೀರಿ. ಇಲ್ಲಿ ಇನ್ಫೋಸಿಸ್ ಇದೆ. ಸೈಟಿನ ಬೆಲೆ ಕೇಳುವ ಹಾಗಿಲ್ಲ. 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡ ಊರು ಇದು. ಆ ಕಾರ್ಖಾನೆಗಳನ್ನು ಮುಚ್ಚಿಸಿದ್ದು ಯೂನಿಯನ್‌ನವರೇ. ಮುಗಿದ ಕಥೆಯನ್ನು ಕೆದಕಿ ಏನು ಪ್ರಯೋಜನ? ತೊಂದರೆ ಇದೆ ಅಂತಲೇ ಇಟ್ಟುಕೊಳ್ಳಿ, ನಮ್ಮಂಥವರು ಏನು ಮಾಡಲು ಆಗುತ್ತೆ?'

ನಮಸ್ಕಾರ. ಮನಸ್ಸಿನಲ್ಲಿ ಇದ್ದದ್ದನ್ನು ನೇರವಾಗಿ ಬರೆದಿದ್ದೀರಿ. ಹೀಗೆ ಯೋಚಿಸುವವರು ಊರಿನಲ್ಲಿ ಬಹಳ ಜನ ಇದ್ದಾರೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತೆ.

ಮೊದಲು ಯೂನಿಯನ್ ವಿಷಯ. ಜಾವಾ, ಯೆಜ್ಡಿ ಮೋಟಾರ್ ಸೈಕಲ್ ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು. ಅಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಜಗಳ ಇತ್ತು, ನಿಜ. ಆದರೆ ಮಾರುಕಟ್ಟೆಯಲ್ಲಿ ಏನಾಗುತ್ತಿತ್ತು ನೋಡಿ. 1985ರಲ್ಲಿ ಹೀರೊ ಹೋಂಡಾದ ಸಿಡಿ 100 ಬಂತು. ಅದೇ ವರ್ಷ ಯಮಹಾದ ಆರ್‌ಎಕ್ಸ್ 100 ಬಂತು. ಎರಡೂ ಹಗುರವಾದ ಗಾಡಿಗಳು. ಅದರಲ್ಲೂ ಹೀರೊ ಹೋಂಡಾ ನಾಲ್ಕು ಸ್ಟ್ರೋಕಿನದು, ಮೈಲೇಜಿಗೇ ಹೆಸರಾಯಿತು. ಜಾವಾ, ಯೆಜ್ಡಿ ಭಾರದ ಗಾಡಿಗಳು, 250 ಸಿಸಿ, ಎರಡು ಸ್ಟ್ರೋಕು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಹೊಗೆ ಜಾಸ್ತಿ. ಸಂಬಳದ ಮೇಲೆ ಬದುಕುವವನು ಯಾವುದನ್ನು ಕೊಳ್ಳುತ್ತಾನೆ? 1991ರಲ್ಲಿ ಹೊಗೆಗೆ ಸರ್ಕಾರ ಮಿತಿ ಹಾಕಿತು, 1996ರಲ್ಲಿ ಅದನ್ನು ಬಿಗಿ ಮಾಡಿತು. ಹೊಸ ಎಂಜಿನ್ ಬೇಕೋ ಬೇಡವೋ, ಹೊಸ ಯಂತ್ರಗಳಿಗೆ ದುಡ್ಡು ಹಾಕಬೇಕೋ ಬೇಡವೋ ಅನ್ನುವ ತೀರ್ಮಾನಗಳನ್ನು ಶಿಫ್ಟಿಗೆ ಬರುತ್ತಿದ್ದ ಫಿಟ್ಟರ್, ಟರ್ನರ್‌ಗಳು ಮಾಡುತ್ತಿರಲಿಲ್ಲ. ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಹಳೆಯ ಕಾರ್ಖಾನೆ ಅಂದಮೇಲೆ ಮುಚ್ಚಲೇಬೇಕು ಅಂತಲೂ ಇಲ್ಲ. ರೇಷ್ಮೆ ಕಾರ್ಖಾನೆ 1912ರದು, ಇವತ್ತಿಗೂ ಅಲ್ಲಿ ಸೀರೆ ನೇಯುತ್ತಾರೆ. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಯ ಶಾಯಿ ಮಾಡುತ್ತಿದೆ. ಎರಡನ್ನೂ ಸರ್ಕಾರ ಕೈಬಿಡಲಿಲ್ಲ. ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆಯವರ ಕೈಗೆ ಹೋಯಿತು, ಉಳಿಯಿತು. ಮೇಟಗಳ್ಳಿಯ ಫಾಲ್ಕನ್ ಟೈರ್ಸ್ ಉಳಿಯಲಿಲ್ಲ. ಕೆ.ಆರ್. ಮಿಲ್ಸ್ ಅನ್ನುವ ಬಟ್ಟೆ ಗಿರಣಿ ಅದಕ್ಕೂ ಬಹಳ ಮೊದಲೇ ಹೋಗಿತ್ತು. ಒಂದೊಂದರ ಕಾರಣ ಒಂದೊಂದು. ಗೇಟು ಮುಚ್ಚಿದ ಮೇಲೆ ಮನೆಗಳಲ್ಲಿ ನಡೆದದ್ದು ಮಾತ್ರ ಹೆಚ್ಚುಕಡಿಮೆ ಒಂದೇ.

ನಮ್ಮ ಲೇಖನ ಬರೆದದ್ದು ಅದನ್ನೇ. ಮೊದಲ ಕೆಲವು ತಿಂಗಳು ಯಾರಿಗೂ ಏನೂ ಕಾಣುವುದಿಲ್ಲ. ದಿನಸಿ ಅಂಗಡಿಯವರು ತಿಂಗಳ ಲೆಕ್ಕದಲ್ಲಿ ಕೊಡುತ್ತಿದ್ದರು, ಸಂಬಳ ಬರುತ್ತೆ ಅನ್ನುವ ನಂಬಿಕೆಯ ಮೇಲೆ. ಆ ನಂಬಿಕೆ ಹೋದ ಮೇಲೆ ಪುಸ್ತಕದಲ್ಲಿ ಬರೆಸಿಕೊಂಡು ತರುವುದು ನಿಲ್ಲುತ್ತೆ. ಆಮೇಲೆ ಕೈಸಾಲ. ಆಮೇಲೆ ಒಡವೆ ಅಡ ಇಡುವುದು. ಕೆಲಸ ಹೋಗಿ ಸ್ವಲ್ಪ ಕಾಲಕ್ಕೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಚಿಕಿತ್ಸೆಯೂ ತಪ್ಪುತ್ತೆ. ಹಾಗಾಗಿ ಒಂದು ಆಪರೇಷನ್ ಬಂದರೆ ಸಾಕು, ಕಟ್ಟಿಕೊಂಡ ಮನೆ ಮಾರಬೇಕಾಗುತ್ತೆ. ನಲವತ್ತೈದು ದಾಟಿದ ಟರ್ನರ್‌ನನ್ನು ಇನ್ನೊಂದು ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ. ಅವನು ಆಟೋ ಓಡಿಸುತ್ತಾನೆ, ಇಲ್ಲವೇ ರಾತ್ರಿ ಕಾವಲಿಗೆ ಹೋಗುತ್ತಾನೆ. ಮನೆಯ ಹೆಂಗಸರು ಊದುಬತ್ತಿ ಹೊಸೆಯಲು ಕೂರುತ್ತಾರೆ. ಮೈಸೂರಿನ ಊದುಬತ್ತಿಗೆ ದೇಶದಲ್ಲೆಲ್ಲ ಹೆಸರಿದೆ, ಅಲ್ವಾ? ಅದನ್ನು ಎಷ್ಟೋ ವರ್ಷ ಹೊಸೆದದ್ದು ಮನೆಯ ನೆಲದ ಮೇಲೆ ಮಣೆ ಹಾಕಿಕೊಂಡು ಕೂತ ಹೆಂಗಸರು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ರಜೆ ಇಲ್ಲ, ಪಿಎಫ್ ಇಲ್ಲ, ಸೊಂಟ ನೋವಿಗೆ ಲೆಕ್ಕ ಇಲ್ಲ. ಯಂತ್ರ ಬಂದ ಮೇಲೆ ಆ ಕೂಲಿಯೂ ಕಡಿಮೆಯಾಯಿತು.

ಕಾರ್ಖಾನೆ ಕೊಡಬೇಕಾಗಿದ್ದ ಬಾಕಿ ಏನಾಯಿತು ಅಂತ ನೀವು ಕೇಳಬಹುದು. ಮುಳುಗಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವಾಗ ಬ್ಯಾಂಕಿನವರ ಜೊತೆ ಸರಿಸಮನಾಗಿ ಕಾರ್ಮಿಕರಿಗೂ ಪಾಲು ಸಿಗಬೇಕು ಅಂತ 1985ರಲ್ಲಿ ಕಂಪನಿ ಕಾನೂನಿಗೆ ತಿದ್ದುಪಡಿ ಬಂತು. ಒಳ್ಳೆಯ ತಿದ್ದುಪಡಿ. ಆದರೆ ಆಸ್ತಿ ಮಾರಾಟ, ಕೋರ್ಟು, ತಕರಾರು ಅಂತ ವರ್ಷಗಟ್ಟಲೆ ಹೋಗುತ್ತೆ. ಅಷ್ಟರಲ್ಲಿ ಮಗಳ ಮದುವೆ ಸಾಲ ಮಾಡಿ ಮುಗಿದಿರುತ್ತೆ. ಮಗ ಪಿಯುಸಿಗೇ ಓದು ಬಿಟ್ಟಿರುತ್ತಾನೆ. 'ಮಕ್ಕಳನ್ನು ಚೆನ್ನಾಗಿ ಓದಿಸಬೇಕಿತ್ತು' ಅನ್ನುವವರು ಈ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಪಿಂಚಣಿ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತೆ, ಮುಚ್ಚಿಡುವುದಿಲ್ಲ. ಪಿಎಫ್ ಇಲಾಖೆಯ ಪಿಂಚಣಿ ಯೋಜನೆ 1995ರ ನವೆಂಬರ್‌ನಲ್ಲಿ ಶುರುವಾಯಿತು. ಅದರ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ನಿಗದಿ ಮಾಡಿದರು, ತಿಂಗಳಿಗೆ 1000 ರೂಪಾಯಿ. ಬದುಕಿನ ಒಳ್ಳೆಯ ವರ್ಷಗಳನ್ನೆಲ್ಲ ಲೇತ್ ಮುಂದೆ ನಿಂತು ಕಳೆದ ಮನುಷ್ಯನಿಗೆ ಒಂದು ಸಾವಿರ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೇ ಅದು ಮುಗಿಯುತ್ತೆ.

ಇನ್ಫೋಸಿಸ್ ಬಂದದ್ದು ಒಳ್ಳೆಯದೇ. ಎಷ್ಟೋ ಮಕ್ಕಳಿಗೆ ದಾರಿಯಾಯಿತು. ಆದರೆ ಯಾದವಗಿರಿಯಲ್ಲಿ ಕೆಲಸ ಕಳೆದುಕೊಂಡವರು ಹೆಬ್ಬಾಳದ ಕ್ಯಾಂಪಸ್ಸಿನಲ್ಲಿ ಎಂಜಿನಿಯರ್ ಆಗಲಿಲ್ಲ. ಒಂದೇ ಊರಿನಲ್ಲಿ ಒಂದು ಬೀದಿ ಬೆಳೆಯಬಹುದು, ಇನ್ನೊಂದು ಬೀದಿ ಇಳಿಯಬಹುದು. ಸೈಟಿನ ಬೆಲೆ ಏರಿದರೆ ಸೈಟು ಇದ್ದವರಿಗೆ ಲಾಭ. ಬಾಡಿಗೆ ಮನೆಯಲ್ಲಿ ಇರುವವರಿಗೆ ಅದೇ ಹೊರೆ.

ಪ್ರತಿ ಜುಲೈನಲ್ಲಿ ಹಳೆಯ ಜಾವಾ, ಯೆಜ್ಡಿಗಳನ್ನು ಒರೆಸಿ, ಹೊಳೆಯಿಸಿ, ಪ್ರೀತಿಯಿಂದ ಓಡಿಸುವ ಜನ ಇದ್ದಾರೆ. ಆ ಸದ್ದು ಕೇಳಿದರೆ ನನಗೂ ಖುಷಿ. ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಹೊಸ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂತು, ಕೆಲಸ ಬರಲಿಲ್ಲ. ಗಾಡಿಯ ಮೇಲಿನ ಪ್ರೀತಿಯಲ್ಲಿ ಒಂದು ಪಾಲು ಅದನ್ನು ಜೋಡಿಸಿದ ಕೈಗಳಿಗೂ ಸಲ್ಲಲಿ ಅಂತ ಆಸೆಪಟ್ಟೆವು. ಆ ಲೇಖನದ ಹಿಂದೆ ಬೇರೆ ಉದ್ದೇಶ ಇರಲಿಲ್ಲ.

ಮುಗಿದ ಕಥೆ ಅಂದಿರಿ. ನನಗೆ ಹಾಗೆ ಕಾಣುವುದಿಲ್ಲ. ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳ ಕಡೆ ಬೆಳಿಗ್ಗೆ ಬಸ್ಸಿಳಿಯುವ ಹುಡುಗ ಹುಡುಗಿಯರನ್ನು ಮಾತಾಡಿಸಿ ನೋಡಿ. 'ಖಾಯಮ್ಮಾ?' ಅಂತ ಕೇಳಿದರೆ 'ಇಲ್ಲ ಸಾರ್, ಕಾಂಟ್ರಾಕ್ಟು' ಅನ್ನುವವರೇ ಜಾಸ್ತಿ. ಗ್ರ್ಯಾಚುಟಿ ಅಂದರೆ ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡುವ ಹಣ. 1972ರ ಗ್ರ್ಯಾಚುಟಿ ಕಾನೂನು ಅದಕ್ಕೆ ಐದು ವರ್ಷದ ಸತತ ಸೇವೆ ಕೇಳಿತ್ತು. ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಇವರನ್ನು ಹೊಸಬರು ಅಂತ ಬರೆದುಕೊಂಡರೆ ಆ ಐದು ವರ್ಷ ತುಂಬುವುದು ಯಾವಾಗ? ಜಾವಾದವರಿಗೆ ಹೋರಾಡಿ ಪಡೆಯಲು ಒಂದು ಬಾಕಿಯಾದರೂ ಇತ್ತು. ಈ ಮಕ್ಕಳಿಗೆ ಮುಂದೆ ಕೇಳುವುದಕ್ಕೂ ಏನೂ ಇರುವುದಿಲ್ಲವೇನೋ ಅನ್ನುವ ಭಯ ನನಗಿದೆ.

ನೀವು ಏನು ಮಾಡಬಹುದು ಅಂದರೆ, ಒಂದು ಕೆಲಸ ಇದೆ. ನಿಮ್ಮ ಆಫೀಸಿಗೋ ಅಪಾರ್ಟ್‌ಮೆಂಟಿಗೋ ಏಜೆನ್ಸಿಯಿಂದ ಬರುವ ಸೆಕ್ಯೂರಿಟಿಯವರು, ಕಸ ಗುಡಿಸುವವರು ಇರುತ್ತಾರಲ್ಲ. ಅವರಿಗೆ ಪಿಎಫ್‌ನ ಯುಎಎನ್ ನಂಬರ್ ಕೊಟ್ಟಿದ್ದಾರಾ, ಇಎಸ್‌ಐ ಕಾರ್ಡ್ ಇದೆಯಾ ಅಂತ ವಿಚಾರಿಸಿ. ನಂಬರ್ ಇದ್ದರೆ ಪಾಸ್‌ಬುಕ್ ಅನ್ನು ಮೊಬೈಲಿನಲ್ಲೇ ನೋಡಬಹುದು. ಅವರ ಪಕ್ಕ ಕೂತು ತೆಗೆದು ತೋರಿಸಿ. ಸಂಬಳದಲ್ಲಿ ಹಿಡಿದ ದುಡ್ಡು ಪ್ರತಿ ತಿಂಗಳು ಜಮೆ ಆಗಿದೆಯಾ ನೋಡಿ. ಆಗಿಲ್ಲ ಅಂದರೆ ಮುಂದಿನ ತಿಂಗಳ ಬಿಲ್ಲಿಗೆ ಸಹಿ ಹಾಕುವ ಮೊದಲು ಏಜೆನ್ಸಿಯವರನ್ನು ಕರೆಸಿ ಕೇಳಿ. ಅವರು ಏನು ಹೇಳಿದರು ಅಂತ ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

ಸಂಪಾದಕ