ಗಾಂಧಿ ಬಜಾರಿನ ಪಕ್ಕ ಹಳೇ ಸೀರೆ ಅಂಗಡಿ ಇಟ್ಟರೆ ನಡೆಯುತ್ತಾ?

ನೀವು ಕೇಳಿದ್ದು ಇಷ್ಟು: "ಕೈಯಲ್ಲಿ ಎಂಟು ಲಕ್ಷ ಇದೆ. ಪುಸ್ತಕ, ನಾಟಕ, ಸಂಗೀತ ಅಂತ ಜನ ಓಡಾಡುವ ಬೆಂಗಳೂರಿನ ರಸ್ತೆಯಲ್ಲಿ ವಿಂಟೇಜ್ ಬಟ್ಟೆ ಅಂಗಡಿ ಇಡುವ ಆಸೆ. ಹೊಟ್ಟೆಪಾಡು ನಡೆಯುತ್ತಾ?"

ನಡೆಯುತ್ತೆ. ನಾನು 2019ರಿಂದ ನಡೆಸುತ್ತಿದ್ದೇನೆ. ಆದರೆ ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದಿಲ್ಲದಿದ್ದರೆ ಎರಡನೇ ವರ್ಷವೇ ಶಟರ್ ಎಳೆಯಬೇಕಿತ್ತು.

ನನ್ನದು ಬಸವನಗುಡಿಯಲ್ಲಿ, ಗಾಂಧಿ ಬಜಾರ್ ಮುಖ್ಯರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ಹತ್ತಡಿಗೆ ಹದಿನೈದಡಿ ಮಳಿಗೆ. ಮುಖ್ಯರಸ್ತೆಯ ಬಾಡಿಗೆ ಕೇಳಿ ಸುಮ್ನೆ ವಾಪಸ್ ಬಂದೆ. ಅಡ್ಡರಸ್ತೆಯಲ್ಲೂ ತಿಂಗಳಿಗೆ 22 ಸಾವಿರ, ಹತ್ತು ತಿಂಗಳ ಅಡ್ವಾನ್ಸ್. ನಿಮ್ಮ ಎಂಟು ಲಕ್ಷದಲ್ಲಿ ಎಷ್ಟು ಮೊದಲ ದಿನವೇ ಹೋಗುತ್ತೆ ಅಂತ ಲೆಕ್ಕ ಹಾಕಿಕೊಳ್ಳಿ.

ರಸ್ತೆ ಬಗ್ಗೆ ನನಗೂ ನಿಮ್ಮಂತೆಯೇ ಕನಸಿತ್ತು. ಬೆಳಿಗ್ಗೆ ಹೂವಿನವರು, 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರು, ಅಂಕಿತದಲ್ಲಿ ಪುಸ್ತಕ ಹುಡುಕುವವರು. ಸಂಜೆ ಬಿ.ಪಿ. ವಾಡಿಯಾ ರಸ್ತೆಯ ಸಭಾಂಗಣದಲ್ಲಿ ಸಂಗೀತ, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ನಾಟಕ. ಇಷ್ಟು ಜನರಲ್ಲಿ ದಿನಕ್ಕೆ ಹತ್ತು ಜನ ಕೊಂಡರೂ ಸಾಕಲ್ವಾ ಅಂದುಕೊಂಡಿದ್ದೆ. ಆಗಿದ್ದು ಬೇರೆ. ಭಾನುವಾರ ದೋಸೆಗೆ ಕಾಯುವವರು ಬಿಸಿಲಲ್ಲಿ ನಿಲ್ಲೋದ್ಯಾಕೆ ಅಂತ ನಮ್ಮಲ್ಲಿಗೆ ಬರುತ್ತಾರೆ. ಅರ್ಧ ಗಂಟೆ ಎಲ್ಲ ಮುಟ್ಟಿ ನೋಡುತ್ತಾರೆ. ಫೋಟೋ ತೆಗೆಯುತ್ತಾರೆ. "ಅಯ್ಯೋ, ನಮ್ಮಜ್ಜಿ ಹತ್ರ ಥೇಟ್ ಇಂಥದ್ದೇ ಇತ್ತು" ಅನ್ನುತ್ತಾರೆ. ಟೇಬಲ್ ಸಿಕ್ಕಿತು ಅಂತ ಫೋನ್ ಬಂದ ತಕ್ಷಣ ಓಡುತ್ತಾರೆ. ಮಧ್ಯಾಹ್ನ ಎರಡಾದರೂ ಬೋಣಿ ಆಗದ ದಿನಗಳು ಎಷ್ಟೋ.

ಒಂದು ವರ್ಷ ಇದಕ್ಕೆ ಕೊರಗಿದ ಮೇಲೆ ಬುದ್ಧಿ ಬಂತು. "ನಮ್ಮಜ್ಜಿ ಹತ್ರ ಇತ್ತು" ಅಂದವರಿಗೆ "ಈಗ ಎಲ್ಲಿದೆ?" ಅಂತ ಕೇಳೋಕೆ ಶುರು ಮಾಡಿದೆ. ಅಟ್ಟದ ಮೇಲಿದೆ, ಟ್ರಂಕಲ್ಲಿದೆ, ಅತ್ತೆ ಬೀರುವಿನಲ್ಲಿದೆ, ಏನು ಮಾಡಬೇಕೋ ಗೊತ್ತಾಗ್ತಿಲ್ಲ ಅನ್ನುತ್ತಾರೆ. ಈಗ ನನ್ನ ಮಾಲಿನಲ್ಲಿ ಮುಕ್ಕಾಲು ಪಾಲು ಹಾಗೆ ಬಂದದ್ದು. ಈ ರಸ್ತೆ ನನಗೆ ಗಿರಾಕಿಗಳನ್ನು ತಂದಿದ್ದು ಕಡಿಮೆ, ಟ್ರಂಕುಗಳನ್ನು ತಂದಿದ್ದು ಜಾಸ್ತಿ. ಮಾರಾಟ ಮೊಬೈಲಿನಲ್ಲೂ ಆಗುತ್ತೆ. ಬಸವನಗುಡಿ, ಚಾಮರಾಜಪೇಟೆ, ಜಯನಗರದ ಹಳೇ ಮನೆಗಳ ಬಾಗಿಲು ಮೊಬೈಲಿನಲ್ಲಿ ತೆರೆಯಲ್ಲ.

ಬೋರ್ಡಿನ ಕಥೆ ಹೇಳಲೇಬೇಕು. ವಿಂಟೇಜ್ ಅಂದರೆ ಇಲ್ಲಿನ ಹಿರಿಯರಿಗೆ ಏನು ಗೊತ್ತಾಗುತ್ತೆ ಅಂತ "ಹಳೇ ಸೀರೆ, ಹಳೇ ಬಟ್ಟೆ" ಅಂತ ದಪ್ಪಕ್ಷರದಲ್ಲಿ ಬರೆಸಿದ್ದೆ. ಮೊದಲ ವಾರವೇ ಒಬ್ಬರು ಎರಡು ಮೂಟೆ ಪ್ಯಾಂಟು ತಂದು ಇಳಿಸಿ, "ಇಷ್ಟಕ್ಕೆ ಇಡ್ಲಿ ಪಾತ್ರೆ ಕೊಡ್ತೀರೋ, ಸ್ಟೀಲ್ ಡಬ್ಬ ಕೊಡ್ತೀರೋ?" ಅಂದರು. ಅವರದ್ದೇನೂ ತಪ್ಪಿಲ್ಲ. ನಮ್ಮ ಕಡೆ ಹಳೇ ಬಟ್ಟೆ ಅಂದರೆ ಪಾತ್ರೆಯವಳ ಬುಟ್ಟಿ, ಇಲ್ಲ ನೆಲ ಒರೆಸುವ ಅರಿವೆ. ಉತ್ತರ ಕರ್ನಾಟಕದಲ್ಲಾದರೆ ಕೌದಿ. ದುಡ್ಡು ಕೊಟ್ಟು ಹಳೇದನ್ನ ಕೊಳ್ಳೋದು ಅಂದರೆ ನಗುತ್ತಾರೆ. ಆಮೇಲೆ ಬೋರ್ಡನ್ನು "ಅಜ್ಜಿ ಕಾಲದ ಸೀರೆಗಳು" ಅಂತ ಬದಲಾಯಿಸಿದೆ. ಪೂರ್ತಿ ಕನ್ನಡದಲ್ಲೇ ಇದ್ದಿದ್ದರಿಂದ, 2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ ಬಂದಾಗ ನನಗೆ ಬಣ್ಣದ ಖರ್ಚು ಉಳಿಯಿತು.

ಗಿರಾಕಿಗಳ ಇನ್ನೊಂದು ಪ್ರಶ್ನೆಗೆ ತಯಾರಾಗಿರಿ: "ಇದು ಯಾರದ್ದು?" ಅವರು ನಿಜವಾಗಿ ಕೇಳುತ್ತಿರೋದು, ಉಟ್ಟವರು ಇದ್ದಾರಾ, ಹೋಗಿಬಿಟ್ಟರಾ ಅಂತ. ಸುಳ್ಳು ಹೇಳಬೇಡಿ. ನಾನು ಒಂದು ಉದ್ದನೆ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಹೆಸರು ಬರೆಯಲ್ಲ. "ಮೈಸೂರು, 1968, ಧಾರೆ ಸೀರೆ" ಇಷ್ಟೇ. ತೀರಿಕೊಂಡವರದ್ದಾದರೆ ಹಾಗೇ ಹೇಳುತ್ತೇನೆ. ಅರ್ಧ ಜನ ಕೆಳಗಿಡುತ್ತಾರೆ. ಹತ್ತಿ ಸೀರೆ ಆದರಂತೂ ಮುಗಿದೇಹೋಯ್ತು. ರೇಷ್ಮೆಗೆ ಮಾತ್ರ ಸ್ವಲ್ಪ ರಿಯಾಯಿತಿ ಇದೆ. "ರೇಷ್ಮೆಗೆ ಮೈಲಿಗೆ ಇಲ್ಲ ಬಿಡಿ" ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡು ತಗೊಳ್ಳುತ್ತಾರೆ. ಇಪ್ಪತ್ತರ ಹುಡುಗಿಯರಿಗೆ ಈ ತಲೆನೋವೇ ಇಲ್ಲ. ಅವರು ಕೇಳೋದು ಒಂದೇ, "ಅಕ್ಕಾ, ಬ್ಲೌಸ್ ಪೀಸ್ ಇದ್ಯಾ?"

ಕೊಳ್ಳೋದನ್ನ ನಾನು ದುಡ್ಡು ಕಳೆದುಕೊಂಡೇ ಕಲಿತೆ. ಮೊದಲ ವರ್ಷ ಒಂದು ಮನೆಯಲ್ಲಿ ನೇರಳೆಹಣ್ಣಿನ ಬಣ್ಣದ ರೇಷ್ಮೆ ಸೀರೆ ತೋರಿಸಿದರು. ಮೇಲಿನ ಮಡಿಕೆ ಹೊಸದರ ಹಾಗೆ ಹೊಳೀತಿತ್ತು. ಆಗಲೇ ಕಾಫಿ, ಕೋಡುಬಳೆ ಆಗಿತ್ತು. ಪೂರ್ತಿ ಬಿಚ್ಚಿ ನೋಡೋಕೆ ಸಂಕೋಚ. ಮೂರು ಸಾವಿರ ಕೊಟ್ಟು ತಂದೆ. ಅಂಗಡಿಯಲ್ಲಿ ಬಿಚ್ಚಿದರೆ ಮಡಿಕೆ ಮಡಿಕೆಗೂ ಸೀಳು, ಒಣಗಿದ ಹಪ್ಪಳ ಮುರಿದ ಹಾಗೆ. ಮೂವತ್ತು ವರ್ಷ ಒಂದೇ ಮಡಿಕೆಯಲ್ಲಿ ಮಲಗಿತ್ತು. "ಜೀರ್ಣ ಆಗಿದೆ" ಅನ್ನುತ್ತಾರಲ್ಲ, ಅದೇ. ಈಗ ಕಾಫಿ ಬರೋಕೆ ಮುಂಚೆ ಸೀರೆ ಉದ್ದಕ್ಕೂ ಬಿಚ್ಚುತ್ತೇನೆ. ಕಿಟಕಿಗೆ ಅಡ್ಡ ಹಿಡಿಯುತ್ತೇನೆ. ಒಡಲಿನಲ್ಲಿ ಒಂದು ಕಡೆ ಎರಡು ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೆಯುತ್ತೇನೆ. ಪಿಸಿಯಿತೋ, ಮಡಚಿ ವಾಪಸ್ ಕೊಟ್ಟು ಕಾಫಿ ಕುಡಿದು ಬರುತ್ತೇನೆ. ರೋಲ್ ಪಾಲಿಶ್ (ಉರುಳೆಗೆ ಕೊಟ್ಟು ಹೊಳಪು ಮಾಡಿಸೋದು) ಹಾಕಿಸಿದರೆ ಸರಿಹೋಗುತ್ತೆ ಅನ್ನುವ ಮಾತನ್ನು ನಂಬಬೇಡಿ. ಉಳಿದಿದ್ದೂ ಹರಿಯುತ್ತೆ.

ಇನ್ನು ಜರಿ. ನಿಮಗೆ ಪೈಪೋಟಿ ಪಕ್ಕದ ಬಟ್ಟೆ ಅಂಗಡಿಯಿಂದ ಬರಲ್ಲ, "ಹಳೇ ಜರಿ ಸೀರೆ ತಗೋತೀವಿ" ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವನಿಂದ ಬರುತ್ತೆ. ಅವನು ಸೀರೆಯನ್ನ ನೋಡೋದೇ ಇಲ್ಲ, ತೂಕ ನೋಡುತ್ತಾನೆ. ಅಂಚು, ಸೆರಗು ಕತ್ತರಿಸಿ ಸುಡೋಕೆ ಕಳಿಸುತ್ತಾನೆ. ರೇಷ್ಮೆ ಬೂದಿಯಾಗುತ್ತೆ, ಬೆಳ್ಳಿ ಉಳಿಯುತ್ತೆ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟದ್ದು. ಮೈಸೂರು ಸಿಲ್ಕ್ ಮಾಡುವ ಸರ್ಕಾರಿ ನಿಗಮ ಕೆಎಸ್‌ಐಸಿಯವರು ಹೇಳುವ ಲೆಕ್ಕ, ಬೆಳ್ಳಿ ಶೇ. 65, ಚಿನ್ನ ಶೇ. 0.65. ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಮೇಲೆ ಗಟ್ಟಿ ಜರಿಯ ಸೀರೆಗೆ ಅವನು ಕೊಡುವ ಬೆಲೆ ನನ್ನಿಂದ ಆಗಲ್ಲ. ಕೆಲವರು "ಸುಡೋದಿಲ್ಲ ತಾನೇ?" ಅಂತ ಕೇಳಿ ನನಗೆ ಕಡಿಮೆಗೇ ಕೊಡುತ್ತಾರೆ. ಕೆಲವರು ಅವನಿಗೇ ಕೊಡುತ್ತಾರೆ. ಅವರಿಗೂ ಖರ್ಚಿರುತ್ತೆ, ನಾನೇನೂ ಅನ್ನಲ್ಲ.

ಜರಿ ಪರೀಕ್ಷೆ ಸುಲಭ. ಸೆರಗಿನ ತುದಿಯ ಒಂದೇ ಎಳೆ ತೆಗೆದು ಉಗುರಲ್ಲಿ ಕೆರೆಯಿರಿ. ಚಿನ್ನದ ಬಣ್ಣದ ಕೆಳಗೆ ಬಿಳಿ ಹೊಳಪು ಬಂದರೆ ಬೆಳ್ಳಿ. ಕೆಂಚು ಬಂದರೆ ತಾಮ್ರ. ಸುರುಳಿ ಬಿಡಿಸಿದಾಗ ಪ್ಲಾಸ್ಟಿಕ್ ಹಾಳೆಯ ಹಾಗಿದ್ದರೆ ಕೇಳೋದೇ ಬೇಡ. ಈಗಿನ ಕೆಎಸ್‌ಐಸಿ ಸೀರೆಗೆ ಸಂಖ್ಯೆ, ಹಾಲೋಗ್ರಾಂ ಇರುತ್ತೆ. ಐವತ್ತು ವರ್ಷ ಹಿಂದಿನದಕ್ಕೆ ಅದೆಲ್ಲ ಎಲ್ಲಿಂದ ಬರಬೇಕು? ಕೈಯೇ ಗತಿ. ಮೈಸೂರು ಸಿಲ್ಕಿನ ಕ್ರೇಪ್ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸುಕ್ಕು ನಿಲ್ಲದೆ ನೀರಿನ ಹಾಗೆ ಜಾರಬೇಕು. ನೂರು ಸೀರೆ ಮುಟ್ಟಿದ ಮೇಲೆ ತಾನಾಗೇ ಗೊತ್ತಾಗುತ್ತೆ.

ನನಗೆ ಅನ್ನ ಹಾಕೋದು ಜರಿಯವನು ಬೇಡ ಅಂದ ಸೀರೆಗಳು. ಚಾಮರಾಜಪೇಟೆಯ ಒಬ್ಬ ಅಜ್ಜಿಯ ಮನೆ. ಹಸಿರು ತಗಡಿನ ಟ್ರಂಕು, ಮುಚ್ಚಳದ ಒಳಗಡೆ ಹಳೇ ಕ್ಯಾಲೆಂಡರಿನ ಲಕ್ಷ್ಮಿ ಅಂಟಿಸಿತ್ತು. ತೆಗೆದರೆ ನುಸಿ ಗುಳಿಗೆ ವಾಸನೆ ಕಣ್ಣಿಗೆ ಹೊಡೆಯಿತು. ಜರಿ ಸೀರೆಗಳೆಲ್ಲ ಆಗಲೇ ಹೋಗಿದ್ದವು. ತಳದಲ್ಲಿ, ಹಳೇ ಪಂಚೆಯಲ್ಲಿ ಸುತ್ತಿದ್ದ ಒಂದು ಬಿನ್ನಿ ಸಿಲ್ಕ್. ತಿಳಿಗುಲಾಬಿ, ಸಣ್ಣ ಬೂದು ಎಲೆಗಳ ಪ್ರಿಂಟು, ಚೂರೂ ಜರಿ ಇಲ್ಲ. ಅಜ್ಜಿಯ ಯಜಮಾನರು ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರಂತೆ. 1884ರಲ್ಲಿ ಶುರುವಾಗಿದ್ದ ಆ ಮಿಲ್ಲು ಈಗ ಹೆಸರಿಗೆ ಮಾತ್ರ ಉಳಿದಿದೆ, ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. "ಜರಿಯವನು ಇದರಲ್ಲಿ ಏನಿಲ್ಲ ಅಂತ ಎಸೆದುಬಿಟ್ಟ ಕಣಮ್ಮ" ಅಂದರು. ನಾನು 1,800 ಕೊಟ್ಟೆ. ಅವರು ನೋಟು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆಯನ್ನು ಮತ್ತೆ ನನ್ನ ಕೈಯಿಂದ ತಗೊಂಡರು. ಸೆರಗನ್ನು ಹುಡುಕಿ ಹುಡುಕಿ ಬೆರಳಿಟ್ಟು ತೋರಿಸಿದರು. "ನೋಡು, ಇಲ್ಲಿ ಅರಿಶಿನದ ಕಲೆ. ನನ್ನ ಮಗಳ ಆರತಿ ದಿನ ಆಗಿದ್ದು, ಎಷ್ಟು ಒಗೆದರೂ ಹೋಗಲಿಲ್ಲ. ಕೊಳ್ಳೋರಿಗೆ ಹೇಳಿಯೇ ಮಾರು." ಹೇಳಿಯೇ ಮಾರಿದೆ, 4,500ಕ್ಕೆ. ಕಲೆ ಇದೆ ಅಂತ ಬೆಲೆ ಇಳಿಸಲಿಲ್ಲ.

ಇಳಕಲ್ ಸೀರೆಗೆ ನವೆಂಬರ್‌ನಲ್ಲಿ ಭಾರೀ ಬೇಡಿಕೆ. ಆಫೀಸುಗಳ ರಾಜ್ಯೋತ್ಸವ ಅಲ್ವಾ. ಹಳೇದರಲ್ಲಿ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡರ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೊಂಡಿ ಹತ್ತಿರವೇ ಮೊದಲು ಬಿಡುತ್ತೆ, ಅಲ್ಲಿ ನೋಡಿ. ಕಸೂತಿ ಇದ್ದರೆ ತಿರುಗಿಸಿ. ಗವಂತಿ, ಮುರಗಿ ಹೊಲಿಗೆ ಎರಡೂ ಕಡೆ ಒಂದೇ ಥರ, ಗಂಟಿಲ್ಲದೆ ಇರಬೇಕು. ಹದಿನೆಂಟು ಮೊಳದ ಸೀರೆ ಬಂದರೆ ಹುಡುಗಿಯರು ಗಾಬರಿ ಬೀಳುತ್ತಾರೆ, "ಅರ್ಧ ಕತ್ತರಿಸಿ ಕುರ್ತಾ ಮಾಡಿಸಿಕೊಡ್ತೀರಾ?" ಅನ್ನುತ್ತಾರೆ. ಗಟ್ಟಿ ಇರುವ ಸೀರೆಗೆ ನಾನು ಕತ್ತರಿ ಹಾಕಲ್ಲ. ವ್ಯಾಪಾರ ಹೋದರೆ ಹೋಗಲಿ. ಹರಿದದ್ದಕ್ಕೆ ಮಾತ್ರ ದರ್ಜಿ.

ಗಂಡಸರ ಬಟ್ಟೆ ಮಾರಾಟ ಆಗಲ್ಲ. ಟೆರಿಕಾಟ್ ಬೆಲ್‌ಬಾಟಮ್, ನಾಯಿಕಿವಿ ಕಾಲರ್ ಶರ್ಟು, ಸಫಾರಿ ಸೂಟು, ಎಲ್ಲ ನೋಡಿ ನಗುತ್ತಾರೆ ಅಷ್ಟೇ. ಆದರೆ ನಾಟಕದವರು ಬಾಡಿಗೆಗೆ ಒಯ್ಯುತ್ತಾರೆ. ಕಾಲೇಜುಗಳ ರೆಟ್ರೋ ಡೇ ಬಂದರೆ ಇನ್ನೂ ಒಳ್ಳೇದು. ಬಾಡಿಗೆ ವ್ಯವಹಾರವೇ ನನ್ನ ಅಂಗಡಿ ಬಾಡಿಗೆಯನ್ನು ಎಷ್ಟೋ ತಿಂಗಳು ಕಟ್ಟಿದೆ. ಠೇವಣಿ ಇಲ್ಲದೆ ಕೊಡಬೇಡಿ. ಒಂದು ತಂಡ ನನ್ನ ಉಣ್ಣೆ ಕೋಟು ಒಯ್ದು ಮೂರು ತಿಂಗಳಾದ ಮೇಲೆ ಕಾಲರ್ ತುಂಬ ಮೇಕಪ್ ಬಳಿದು ತಂದುಕೊಟ್ಟಿತು. ನಾಟಕ ಚೆನ್ನಾಗಿತ್ತಂತೆ.

ಕೆಟ್ಟ ದಿನಗಳೂ ಗೊತ್ತಿರಲಿ. ಆಷಾಢದಲ್ಲಿ ದೊಡ್ಡ ಅಂಗಡಿಗಳ ಡಿಸ್ಕೌಂಟ್ ಮುಂದೆ ನಾವು ಲೆಕ್ಕಕ್ಕಿಲ್ಲ. ಪಿತೃಪಕ್ಷದಲ್ಲಿ ಯಾರೂ ಹಳೇ ಸೀರೆ ಮನೆಗೆ ತರಲ್ಲ. ವರಮಹಾಲಕ್ಷ್ಮಿ ಹಿಂದಿನ ದಿನ ಬಾಳೆಕಂದು, ತಾವರೆ ರಾಶಿ ದಾಟಿ ನನ್ನ ಬಾಗಿಲಿಗೆ ಬರೋಕೇ ಆಗಲ್ಲ. ಕೊರೋನಾ ಬಂತು, ಅದು ಎಲ್ಲರಿಗೂ ಬಂತು. ಆಮೇಲೆ ಮುಖ್ಯರಸ್ತೆ ಅಗೆದರು. ಚಂದ ಮಾಡ್ತೀವಿ ಅಂತ ಅಗೆದು, ತಿಂಗಳುಗಟ್ಟಲೆ ಧೂಳು. ರೇಷ್ಮೆ ಅಂಗಡಿಗೆ ಧೂಳು ಅಂದರೆ ಏನು ಹೇಳಲಿ. ಕಡಲೆಕಾಯಿ ಪರಿಷೆ ಮಾತ್ರ ಯಾವತ್ತೂ ಕೈಬಿಟ್ಟಿಲ್ಲ. ಕಾರ್ತಿಕದ ಕೊನೇ ಸೋಮವಾರದ ಆಸುಪಾಸು ಜನ ಪುರುಸೊತ್ತಾಗಿ ಅಲೆಯುತ್ತಾರೆ. ಬಾಗಿಲಲ್ಲಿ ಸಿಪ್ಪೆಗೆ ಒಂದು ಬುಟ್ಟಿ, ಕೈ ಒರೆಸೋಕೆ ಒಂದು ಬಟ್ಟೆ ಇಡಿ.

ಕಾಗದಪತ್ರ ದೊಡ್ಡ ವಿಷಯವಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ. ವರ್ಷಕ್ಕೆ 40 ಲಕ್ಷದೊಳಗೆ ಇಲ್ಲೇ ಮಾರಿಕೊಂಡಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ಬೇಕಿಲ್ಲ. ಆನ್‌ಲೈನ್, ಹೊರರಾಜ್ಯ ಅಂತ ಹೋದರೆ ಆಡಿಟರನ್ನು ಕೇಳಿ. ಹಳೇ ವಸ್ತು ಕೊಂಡು ಮಾರುವವರಿಗೆ ಕೊಂಡ ಬೆಲೆ, ಮಾರಿದ ಬೆಲೆಯ ಅಂತರದ ಮೇಲಷ್ಟೇ ತೆರಿಗೆ ಕಟ್ಟುವ ದಾರಿಯೂ ಇದೆ.

ನಿಮ್ಮ ಎಂಟು ಲಕ್ಷಕ್ಕೆ ಬರುತ್ತೇನೆ. ಮಳಿಗೆ ಈಗಲೇ ಹಿಡಿಯಬೇಡಿ. ಒಂದು ಲಕ್ಷದಲ್ಲಿ ನಲವತ್ತು, ಐವತ್ತು ಸೀರೆ ಕೊಳ್ಳಿ. ಆರು ತಿಂಗಳು ಮನೆಯಲ್ಲೇ ಇಟ್ಟು ಸಾಕಿ. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ನುಸಿ ಗುಳಿಗೆ ಜರಿಗೆ ತಾಗಬಾರದು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಅಷ್ಟರಲ್ಲಿ ಬೇಜಾರು ಬಂದರೆ ಏಳು ಲಕ್ಷ ಉಳಿಯಿತು ಅಂದುಕೊಳ್ಳಿ. ಬರದಿದ್ದರೆ ಅಡ್ಡರಸ್ತೆಯಲ್ಲಿ ಮಳಿಗೆ ಹುಡುಕಿ, ಮುಖ್ಯರಸ್ತೆ ಬೇಡ.

ಮೊದಲ ಸೀರೆ ನಿಮ್ಮ ಅಮ್ಮನ ಬೀರುವಿನಿಂದಲೇ ಕೊಂಡು ನೋಡಿ, ದುಡ್ಡು ಕೊಟ್ಟು, ಚೌಕಾಸಿ ಮಾಡಿ. ನಾನೂ ಹಾಗೇ ಶುರು ಮಾಡಿದ್ದು. ನಮ್ಮಮ್ಮನ ಹತ್ತಿರ ಎಲೆಹಸಿರು ಮೈಸೂರು ಸಿಲ್ಕ್ ಒಂದಿದೆ. 2019ರಿಂದ ಕೇಳುತ್ತಿದ್ದೇನೆ, ಇನ್ನೂ ಬೆಲೆ ಹೇಳಿಲ್ಲ.