ಬೆಂಕಿ ಮೇಲಕ್ಕೆ, ನೀರು ಕೆಳಕ್ಕೆ

ಕಾಡ್ಗಿಚ್ಚು ಬಂದಾಗ ನಿಮ್ಮ ಊರಿನವರನ್ನು ಎಲ್ಲಿಗೆ ಸ್ಥಳಾಂತರಿಸುತ್ತಾರೆ ಎಂದು ಕೇಳಿದ್ದೀರಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಬೆಂಕಿ ಎದ್ದು, ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಟದ್ದನ್ನು ಟಿವಿಯಲ್ಲಿ ನೋಡಿದವರಿಗೆ ಈ ಪ್ರಶ್ನೆ ಬರುವುದು ಸಹಜ. ನನ್ನ ಉತ್ತರ ಚಿಕ್ಕದು: ಎಲ್ಲಿಗೂ ಇಲ್ಲ. ನಾವು ಮಳೆಗೆ ಮನೆ ಬಿಟ್ಟವರು, ಬೆಂಕಿಗೆ ಬಿಟ್ಟವರಲ್ಲ. ಹೊಗೆ ಕಂಡರೆ ಇಲ್ಲಿ ಜನ ಅದರ ಕಡೆಗೇ ಹತ್ತುತ್ತಾರೆ. ಅದನ್ನು ಧೈರ್ಯವೆಂದು ಹೊಗಳಬೇಡಿ. ಹತ್ತಲು ಬೇರೆ ಯಾರೂ ಇರುವುದಿಲ್ಲ.

ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದಿಂದ ಒಳಗೆ, ಚಾರ್ಮಾಡಿ ಘಾಟಿಯ ನೆತ್ತಿಯ ಮೇಲಿನ ಊರು. ನೀವು ಮಂಗಳೂರಿಗೆ ಹೋಗುವಾಗ ನೀರುದೋಸೆ ತಿಂದು ಮುಂದೆ ಹೊರಡುವ ಜಾಗ. ಚಿಕ್ಕಮಗಳೂರು ಜಿಲ್ಲೆ ಇಲ್ಲಿಗೆ ಮುಗಿಯುತ್ತದೆ. ಗುಡ್ಡದ ಏಣು, ಅಂದರೆ ನೆತ್ತಿಯ ಗೆರೆ, ಅದರಿಂದ ಆಚೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕು. ಇತ್ತ ಕಾಫಿ, ಅತ್ತ ಅಡಿಕೆ ಮತ್ತು ರಬ್ಬರ್. ಇತ್ತ ಕನ್ನಡ, ಅತ್ತ ತುಳು. ನಕ್ಷೆಯಲ್ಲಿ ಗಡಿ ಒಂದು ಗೆರೆ. ನಮಗೆ ಅದು ನೂರಾರು ಅಡಿ ಕಡಿದಾಗಿ ಇಳಿಯುವ ಹುಲ್ಲಿನ ಇಳಿಜಾರು, ಅದರ ಮಡಿಲಲ್ಲಿ ಅಲ್ಲಲ್ಲಿ ಕಪ್ಪಗೆ ಕಾಣುವ ಶೋಲ, ಅಂದರೆ ಹುಲ್ಲುಗುಡ್ಡದ ಕಣಿವೆಯ ದಟ್ಟ ಕಾಡು.

ಬೆಂಕಿಯ ವಿಷಯ ತಿಳಿಯಬೇಕಾದರೆ ಮೊದಲು ಈ ಇಳಿಜಾರನ್ನು ತಿಳಿಯಬೇಕು. ಬೆಂಕಿ ಮೇಲಕ್ಕೆ ಓಡುತ್ತದೆ. ಬಯಲಿನಲ್ಲಿ ನಡೆಯುವ ಬೆಂಕಿ ಏರಿನಲ್ಲಿ ಓಡುವುದೇಕೆಂದರೆ, ಅದರ ಬಿಸಿ ಮೇಲಿನ ಹುಲ್ಲನ್ನು ಮುಂಚೆಯೇ ಒಣಗಿಸಿ ಹೊತ್ತಲು ಸಿದ್ಧ ಮಾಡಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೆಂಕಿ ಆರಿಸುವವರ ಕೈಲೆಕ್ಕ. ಮಧ್ಯಾಹ್ನದ ಮೇಲೆ ಕಡಲ ಕಡೆಯ ಗಾಳಿಯೂ ಘಾಟಿ ಹತ್ತಿಬಿಟ್ಟರೆ ಮುಗಿಯಿತು. ಆಚೆ ತಪ್ಪಲಲ್ಲಿ ಯಾರೋ ಎಸೆದ ಬೀಡಿಯ ತುಂಡು ಸಂಜೆಯ ಹೊತ್ತಿಗೆ ನಮ್ಮ ಬೇಲಿಗೆ ಬಂದಿರುತ್ತದೆ.

ಇನ್ನೊಂದು ತಮಾಷೆ ಇದೆ. ಏಣಿನ ಈಚೆ ಕೂತ ನಮಗೆ ಆಚೆಯ ಇಳಿಜಾರು ಕಾಣುವುದಿಲ್ಲ. ಬೆಂಕಿ ನೆತ್ತಿಗೆ ಬಂದ ಮೇಲೆಯೇ ನಮಗೆ ಗೊತ್ತು. ಕೆಳಗಿನವರಿಗೆ ಅದು ಅಂಗಳದಿಂದಲೇ ಮಾಲೆಯಂತೆ ಕಾಣುತ್ತದೆ, ಆದರೆ ಅವರಿಂದ ದೂರ ಹೋಗುತ್ತಿರುವುದರಿಂದ ಅವರಿಗೆ ಗಾಬರಿಯಿಲ್ಲ. ಕಂಡವರಿಗೆ ಭಯವಿಲ್ಲ, ಭಯಪಡಬೇಕಾದವರಿಗೆ ಕಾಣುವುದಿಲ್ಲ. ನಮ್ಮ ಊರಿನ ಮುನ್ಸೂಚನೆ ವ್ಯವಸ್ಥೆ ಯಾವುದು ಎಂದರೆ, ನನ್ನ ತಂಗಿಯ ಗಂಡ. ಅವಳನ್ನು ಘಾಟಿಯ ಕೆಳಗೆ ಕೊಟ್ಟಿದ್ದೇವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವರ ಫೋನ್ ಬಂದರೆ ಮನೆಯಲ್ಲಿ ಕ್ಷೇಮ ಸಮಾಚಾರವೆಂದು ಯಾರೂ ತಿಳಿಯುವುದಿಲ್ಲ. "ಭಾವ, ಎರಡನೇ ತೋಡಿನ ಮೇಲೆ ಹೊಗೆ ಉಂಟು, ನಿಮ್ಮ ಕಡೆಗೇ ಹತ್ತುತ್ತಾ ಉಂಟು" ಎನ್ನುತ್ತಾರೆ. ತೋಡು ಎಂದರೆ ಹಳ್ಳ. ಅಷ್ಟು ಸಾಕು.

ಸರ್ಕಾರದ ಕಣ್ಣೂ ಇದೆ, ಇಲ್ಲವೆನ್ನುವುದಿಲ್ಲ. ಉಪಗ್ರಹಗಳು ನೆಲದ ಬಿಸಿಯನ್ನು ಗುರುತಿಸುತ್ತವೆ, ಡೆಹ್ರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಬರುತ್ತದೆ. ದೊಡ್ಡ ಕಾಡಿಗೆ ಅದು ವರವೇ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ತಲೆಯ ಮೇಲೆ ಹಾಯುತ್ತದೆ. ಹುಲ್ಲಿನ ಬೆಂಕಿ ಎರಡು ಹಾಯುವಿಕೆಗಳ ನಡುವೆ ಒಂದು ಗುಡ್ಡವನ್ನೇ ಬೋಳಿಸಿ ಮುಗಿಸಬಲ್ಲದು. ಭಾವ ಮಾತ್ರ ದಿನವಿಡೀ ಜಗಲಿಯ ಮೇಲೆ ಇರುತ್ತಾರೆ.

ಇನ್ನು ಬೆಂಕಿಯನ್ನು ತಡೆಯುವ ಬಗೆ. ಅಮೆರಿಕದ ಸುದ್ದಿಯಲ್ಲಿ ಬೆಂಕಿ ಶೇಕಡಾ ಇಷ್ಟು ಹತೋಟಿಗೆ ಬಂದಿದೆ ಎಂದು ಹೇಳುತ್ತಿದ್ದರಲ್ಲ, ಅಷ್ಟು ಭಾಗ ಆರಿದೆ ಎಂದು ಅದರ ಅರ್ಥವಲ್ಲ. ಬೆಂಕಿಯ ಸುತ್ತಳತೆಯಲ್ಲಿ ಅಷ್ಟು ಭಾಗಕ್ಕೆ ಅದು ದಾಟದಂತೆ ಗೆರೆ ಬಿದ್ದಿದೆ ಎಂದು ಅರ್ಥ. ಜನವರಿ 7ರಂದು ಹೊತ್ತಿದ ಅಲ್ಲಿಯ ಎರಡು ದೊಡ್ಡ ಬೆಂಕಿಗಳಿಗೆ ಪೂರ್ತಿ ಗೆರೆ ಬೀಳಲು 31ರವರೆಗೆ ಬೇಕಾಯಿತು. ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಆ ಹೊತ್ತಿಗೆ ಹೋಗಿದ್ದವು. ನಮ್ಮಲ್ಲಿಯೂ ಕೆಲಸವೆಲ್ಲ ಗೆರೆಯದೇ, ಆದರೆ ನಾವು ಅದನ್ನು ಬೆಂಕಿ ಬರುವ ಮೊದಲೇ ಎಳೆಯುತ್ತೇವೆ. ಎಳೆಯಬೇಕು, ಎಂದು ತಿದ್ದಿಕೊಳ್ಳುತ್ತೇನೆ.

ಇದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಮಳೆ ನಿಂತು, ಎದೆಯೆತ್ತರ ಬೆಳೆದ ಕರಡದ ಹುಲ್ಲು ಡಿಸೆಂಬರ್‌ನಲ್ಲಿ ಹಳದಿ ತಿರುಗುತ್ತದೆ. ಜನವರಿಯಲ್ಲಿ ಕಾಡಿನ ಅಂಚು, ರಸ್ತೆ ಬದಿ, ಏಣಿನ ಉದ್ದಕ್ಕೂ ಎರಡು ಸಾಲು ಹುಲ್ಲು ಸವರುತ್ತಾರೆ. ನಡುವೆ ಉಳಿದ ಪಟ್ಟಿಯನ್ನು ಬೆಳಗಿನ ಮಂಜಿನ ತೇವ ಆರುವ ಮುನ್ನ ಎಚ್ಚರದಿಂದ ಸುಡುತ್ತಾರೆ. ತೇವವಿರುವಾಗ ಬೆಂಕಿ ಹೇಳಿದ ಮಾತು ಕೇಳುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಕೇಳುವುದಿಲ್ಲ. ಈ ಕೆಲಸ ಮಾಡುವವರು ಬೇಸಿಗೆಯ ಕೆಲವು ತಿಂಗಳಿಗೆ ಮಾತ್ರ ತೆಗೆದುಕೊಂಡ ಬೆಂಕಿ ಕಾವಲುಗಾರರು, ಹೆಚ್ಚಿನವರು ಇದೇ ಊರುಗಳ ದಿನಗೂಲಿಯವರು. ನನ್ನ ಮಟ್ಟಿಗೆ ಕಾಡ್ಗಿಚ್ಚಿನ ಯುದ್ಧ ಗೆಲ್ಲುವುದೋ ಸೋಲುವುದೋ ಈ ಜನವರಿಯಲ್ಲಿಯೇ. ಮಾರ್ಚ್‌ನಲ್ಲಿ ಪತ್ರಿಕೆಯಲ್ಲಿ ಬರುವ ಉರಿಯುವ ಬೆಟ್ಟದ ಚಿತ್ರ ಹಳೆಯ ಫಲಿತಾಂಶ. ಜನವರಿಯಲ್ಲಿ ಹುಲ್ಲು ಸವರುವವನ ಚಿತ್ರ ತೆಗೆಯಲು ಯಾರೂ ಬರುವುದಿಲ್ಲ.

ಗೆರೆ ದಾಟಿ ಬಂದರೆ ಮುಂದಿನದು ಸೊಪ್ಪು. ಹಸಿ ಕೊಂಬೆಯೊಂದನ್ನು ಕತ್ತಿಯಿಂದ ಕಡಿದು, ಎಲೆಯ ಗೊಂಚಲಿನಿಂದ ಬೆಂಕಿಯ ಅಂಚನ್ನು ಬಡಿಯುವುದು. ಈಚೆಗೆ ಗಾಳಿ ಊದುವ ಯಂತ್ರಗಳು ಬಂದಿವೆ, ತರಗೆಲೆಯನ್ನು ಹಿಂದಕ್ಕೆ ತಳ್ಳಲು ಒಳ್ಳೆಯದು. ತೋಟದವರು ಔಷಧಿ ಹೊಡೆಯುವ ಸ್ಪ್ರೇಯರ್‌ಗೆ ನೀರು ತುಂಬಿಕೊಂಡು ಬರುತ್ತಾರೆ. ಅಗ್ನಿಶಾಮಕ ವಾಹನ ರಸ್ತೆ ಇರುವವರೆಗೆ ಬರುತ್ತದೆ, ಪೈಪ್ ಮುಗಿದಲ್ಲಿ ನಿಲ್ಲುತ್ತದೆ. 2019ರಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ನಮ್ಮ ಕಡೆ ಅಂಥದ್ದನ್ನು ಕಾಯುತ್ತ ಕೂತರೆ ಗುಡ್ಡ ಉಳಿಯುವುದಿಲ್ಲ.

ಬಡಿಯುವುದಕ್ಕೂ ಪಾಠವಿದೆ. ಬೆಂಕಿಯ ಮೇಲುಗಡೆ ನಿಲ್ಲಬಾರದು. ಸುಟ್ಟು ಕಪ್ಪಾದ ನೆಲದಲ್ಲಿ ಕಾಲಿಟ್ಟು, ಪಕ್ಕದಿಂದ ಬಡಿಯುತ್ತ ಹೋಗಬೇಕು. ಗಾಳಿ ತಿರುಗಿದರೆ ಕಪ್ಪು ನೆಲವೇ ಮನೆ, ಅಲ್ಲಿ ಸುಡುವುದಕ್ಕೆ ಏನೂ ಉಳಿದಿರುವುದಿಲ್ಲ. ಎದುರು ಬೆಂಕಿ ಕೊಡುವುದು ಇನ್ನೂ ನಾಜೂಕಿನ ಕೆಲಸ: ಗೆರೆಯ ಅಂಚಿನಿಂದ ನಾವೇ ಹಚ್ಚಿದ ಬೆಂಕಿ ಮುಂದೆ ಹೋಗಿ ದೊಡ್ಡದನ್ನು ಸೇರಿ ಎರಡೂ ಹಸಿದು ಸಾಯಬೇಕು. ಊರಿನಲ್ಲಿ ಇದನ್ನು ಮಾಡಬಲ್ಲವರು ಇಬ್ಬರೋ ಮೂವರೋ. ಉಳಿದವರು ಬೆಂಕಿಪೊಟ್ಟಣ ಮುಟ್ಟುವಂತಿಲ್ಲ. ಬಲ್ಲವರಿಗೂ ಅಪಾಯ ತಪ್ಪಿದ್ದಲ್ಲ. 2023ರ ಫೆಬ್ರವರಿಯಲ್ಲಿ ಪಕ್ಕದ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು, ಜೊತೆಯವರೂ ಗಾಯಗೊಂಡರು. ಅಲ್ಲಿಯದೂ ಇಂಥದೇ ಘಾಟಿ, ಇಂಥದೇ ಕಡಿದಾದ ಹುಲ್ಲುಗುಡ್ಡ.

ಬೆಂಕಿ ಹತ್ತುವುದು ಹೇಗೆ ಎಂದರೆ, ಬಿದಿರಿಗೆ ಬಿದಿರು ಉಜ್ಜಿ ಎಂದು ಹಿರಿಯರು ಹೇಳುತ್ತಾರೆ. ಬೋಳು ಗುಡ್ಡದಲ್ಲಿ ಬಿದಿರೆಲ್ಲಿದೆ ಎಂದು ನಾನು ಕೇಳಿ ಬೈಸಿಕೊಂಡಿದ್ದೇನೆ. ಹಚ್ಚುವವರು ಮನುಷ್ಯರೇ. ಹೊಸ ಹುಲ್ಲು ಚಿಗುರಲಿ ಎಂದು ದನದವರು, ಜೇನು ಬಿಡಿಸಲು ಸೂಡಿ (ಪಂಜು) ಹಿಡಿದು ಹೋದವರು, ಇಲಾಖೆಯ ಮೇಲಿನ ಸಿಟ್ಟನ್ನು ಕಾಡಿನ ಮೇಲೆ ತೀರಿಸುವವರು, ಕ್ಷಮಿಸಿ, ರಾತ್ರಿ ಚಳಿ ಕಾಯಿಸಲು ಸೌದೆ ಒಟ್ಟುವ ನಿಮ್ಮಂಥ ಪ್ರವಾಸಿಗರೂ. ಬೇಸಿಗೆಯಲ್ಲಿ ಚಾರಣ ನಿಲ್ಲಿಸಿದರೆ ಬೇಸರಪಡುತ್ತೀರಿ. ನಮಗೆ ಆ ದಿನಗಳಲ್ಲಿ ತುಸು ನಿದ್ದೆ ಬರುತ್ತದೆ.

ಮನೆಗಳು ಉಳಿಯುವುದೇಕೆಂದರೆ, ಇಲ್ಲಿಯ ಬೆಂಕಿ ಬಹುಮಟ್ಟಿಗೆ ನೆಲದ ಬೆಂಕಿ. ಹುಲ್ಲು, ತರಗೆಲೆ ಸುಡುತ್ತ ಹೋಗುತ್ತದೆ, ಮರದ ತಲೆಯಿಂದ ತಲೆಗೆ ಹಾರುವುದು ಅಪರೂಪ. ಮನೆಯ ಸುತ್ತ ನೆರಳಿನ ಕಾಫಿ ತೋಟ, ಬಳಿದ ಅಂಗಳ, ಮೇಲೆ ಹೆಂಚು. ಭಾವನ ಫೋನ್ ಬಾರದ ದಿನ ಬೆಂಕಿಯ ಮೊದಲ ಸುದ್ದಿ ನಮಗೆ ಕಣದಲ್ಲಿ ಒಣಗಲು ಹಾಕಿದ ರೊಬಸ್ಟಾ ಕಾಫಿಯ ಮೇಲೆ ಉದುರುವ ಕರಿ ಬೂದಿಯಲ್ಲಿ ಸಿಗುತ್ತದೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ಕಾಫಿ ಅರಳುವ ಸಂತೋಷ ಒಂದಾದರೆ ಗುಡ್ಡ ನೆನೆದ ಸಂತೋಷ ಇನ್ನೊಂದು.

ಇದೆಲ್ಲ ಹೆಂಚಿನ ಮನೆಯವರ ಮಾತು. ಲೈನ್ ಮನೆಗಳ ಮಾತು ಬೇರೆ. ಕೂಲಿಯವರ ಈ ಸಾಲುಮನೆಗಳನ್ನು ಎಷ್ಟೋ ತೋಟಗಳಲ್ಲಿ ಕಾಡಿನ ಅಂಚಿಗೇ ಕಟ್ಟಿರುತ್ತಾರೆ, ಬೆಳೆ ಬೆಳೆಯದ ಜಾಗವೆಂದು. ಒಂದು ಮಾರ್ಚ್‌ನಲ್ಲಿ ಬೆಂಕಿ ನಮ್ಮ ಪಕ್ಕದ ತೋಟದ ಲೈನಿನ ಹಿಂದೆ ನಿಂತಿತ್ತು. ಒಳಗೆ ಅಸ್ಸಾಮಿನಿಂದ ಬಂದ ಆರು ಸಂಸಾರಗಳು, ತಗಡಿನ ಮಾಡು, ಮನೆಗೊಂದು ಗ್ಯಾಸ್ ಸಿಲಿಂಡರ್. ಕನ್ನಡ ಅವರಿಗೆ ಅಷ್ಟಕ್ಕಷ್ಟೆ. ನಾವು ಮೊದಲು ಸಿಲಿಂಡರ್‌ಗಳನ್ನು ಹೊತ್ತೆವು, ಆಮೇಲೆ ಮಕ್ಕಳನ್ನು. ಅವರು ತಂದದ್ದು ಆಧಾರ್ ಕಾರ್ಡ್ ಇದ್ದ ಪ್ಲಾಸ್ಟಿಕ್ ಚೀಲ ಮತ್ತು ಕುಕ್ಕರ್. ಕಾಫಿ ಗೋದಾಮಿಗೆ ಕರೆದೊಯ್ದರೆ ಬೀಗ. ಬೀಗದ ಕೈ ತೋಟದ ಲೆಕ್ಕ ಬರೆಯುವ ರೈಟರ ಬಳಿ, ರೈಟರು ಪೇಟೆಯಲ್ಲಿ. ಚಿಲಕ ಮುರಿದೆವು. ಒಬ್ಬ ಹೆಂಗಸು ಆ ಹೊಗೆಯ ನಡುವೆ ಕೈಸನ್ನೆ ಮಾಡಿ ನನ್ನನ್ನು ಕೇಳಿದ್ದು ಇಷ್ಟೆ: ನಾಳೆಯ ಕೂಲಿ ಹಿಡಿಯುತ್ತಾರೆಯೇ? ರಾತ್ರಿ ಒಂದರ ಹೊತ್ತಿಗೆ ಬೆಂಕಿ ಆರಿತು, ಬೆಳಿಗ್ಗೆ ಅವರು ಮರಳಿದರು. ನೀವು ಕೇಳಿದ ಸ್ಥಳಾಂತರ ನಾನು ಕಂಡಂತೆ ಅದೊಂದೇ. ಯಾವ ಲೈನಿನಲ್ಲಿ ಎಷ್ಟು ಜನ ಇದ್ದಾರೆ ಎಂಬ ಪಟ್ಟಿ ಅಂದು ಯಾರ ಕೈಯಲ್ಲಿಯೂ ಇರಲಿಲ್ಲ. ಈಗ ನಾನೊಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಪ್ರತಿ ಕೊಯ್ಲಿಗೆ ಹೆಸರುಗಳು ಬದಲಾಗುತ್ತವೆ.

ಮಳೆಗಾಲದಲ್ಲಿ ಪಾತ್ರ ಅದಲುಬದಲು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಲೆಮನೆ, ಮಧುಗುಂಡಿಯ ಜನ ಮನೆ, ತೋಟ ಬಿಟ್ಟು ಇಳಿದರು. ಇಲ್ಲಿ ಸುರಿದ ನೀರು ಕೆಳಗೆ ಮೃತ್ಯುಂಜಯ ಹೊಳೆಯಾಗಿ ಅಡಿಕೆ ತೋಟಗಳಿಗೆ ಮರಳು ತುಂಬಿತು. ಇಳಿಯುವ ನೀರು ಮೊದಲು ಕಾಣುವುದು ನಮಗೆ. ಹಾಗಾಗಿ ಜೂನ್‌ನಿಂದ ಫೋನ್ ಮಾಡುವ ಸರದಿ ನನ್ನದು.

ನೀವು ಬೇಸಿಗೆಯಲ್ಲಿ ಬಂದು ಹೊಗೆ ಕಂಡರೆ 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. 112 ಕೂಡ ಆಗುತ್ತದೆ. ಸಿಗ್ನಲ್ ಸಿಗದಿದ್ದರೆ ಹತ್ತಿರದ ಮನೆಯ ನಾಯಿ ಬೊಗಳಿಸಿ, ಯಾರಾದರೂ ಹೊರಗೆ ಬರುತ್ತಾರೆ.

ಕಳೆದ ಮಳೆಗಾಲದ ಮೊದಲ ಜೋರು ಮಳೆಯ ರಾತ್ರಿ ಭಾವನಿಗೆ ಕರೆ ಮಾಡಿ, ತೋಡು ಕೆಂಪಾಗಿದೆ, ದನಗಳನ್ನು ಮೇಲಿನ ಕೊಟ್ಟಿಗೆಗೆ ಕಟ್ಟಿ ಎಂದೆ. "ಕಟ್ಟಿ ಆಯಿತು ಭಾವ, ನಿಮ್ಮ ತಂಗಿ ಸಂಜೆಯೇ ಕಟ್ಟಿದ್ದಾಳೆ" ಎಂದರು.